ಖಾಡಿಯಲ್ಲಿ ಡೊಂಬಿವಲಿ ಲೋಕಲ್

ಕೆಲವರಿಗೆ ಭಾನುವಾರವೆಂದರೆ ಮಧ್ಯಾಹ್ನದ ನಿದ್ದೆ, ಕೆಲವರಿಗೆ ಟಿವಿಯಲ್ಲಿ ಕ್ರಿಕೆಟ್ಟು. ನನಗೆ ಭಾನುವಾರವೆಂದರೆ ಏನಾದರೊಂದು ಆಗಿಯೇ ತೀರುತ್ತದೆ ಎಂಬ ಖಾತ್ರಿ. ಹಾಯಿದೋಣಿ ಹತ್ತಲು ಶುರುಮಾಡಿದ ಮೇಲೆ ಒಂದು ಭಾನುವಾರವೂ ನನಗೆ ಮೋಸ ಮಾಡಿಲ್ಲ.

ಎರಡು ಸಾವಿರದ ಏಳರ ಸುಮಾರಿಗೆ ನಮ್ಮ ಆಫೀಸು ಮುಂಬಯಿಯಿಂದ ನವಿ ಮುಂಬಯಿಗೆ ಬಂತು. ಹದಿನಾಲ್ಕು ವರ್ಷ ಡೊಂಬಿವಲಿಯಿಂದ ಲೋಕಲ್ ಹಿಡಿದ ನಾನು ಸಾನಪಾಡಾಕ್ಕೆ ಮನೆ ಬದಲಿಸಿದೆ. ಅಲ್ಲಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ, ಸಮುದ್ರದ ನೀರು ಒಳನಾಡಿಗೆ ನುಗ್ಗಿದ ಖಾಡಿಯ ದಂಡೆಯ ಮೇಲೆ ಒಂದು ಪುಟ್ಟ ಸೇಲಿಂಗ್ ಕ್ಲಬ್ಬು. ಏಳು ದೋಣಿ, ಒಂದು ತಗಡಿನ ಶೆಡ್ಡು, ಒಂದು ಜೆಟ್ಟಿ. ತಿಂಗಳ ಕೊನೆಯ ಭಾನುವಾರ ಅಲ್ಲಿ ಸೋಶಿಯಲ್ ಸೇಲಿಂಗ್. ಅಂದು ಮೆಂಬರುಗಳು ಅತಿಥಿಗಳನ್ನು ಕರೆತರಬಹುದು. ಪಂದ್ಯವಿಲ್ಲ, ಗಡಿಬಿಡಿಯಿಲ್ಲ, ನೀರಿನ ಮೇಲೆ ಒಂದು ಸುತ್ತು, ಆಮೇಲೆ ಚಹಾ-ತಿಂಡಿ. ನಾನು ಮೆಂಬರಾದದ್ದೇ ಆ ಒಂದು ಭಾನುವಾರಕ್ಕಾಗಿ. ಮನೆ ಬದಲಿಸಿದಾಗ ಕೈತಪ್ಪಿದ ನನ್ನ ಟ್ರೇನಿನ ಗೆಳೆಯರನ್ನು ತಿಂಗಳಿಗೊಮ್ಮೆ ನೋಡಲು ಅದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ.

ಅಡ್ಡಿ ಒಂದೇ, ಕ್ಲಬ್ಬಿನ ಕಮಾಂಡರ್ ಸಾಹೇಬರು. ಕಾರವಾರದವರು, ನೌಕಾಪಡೆಯಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿಲ್ಲದೆ ಜೆಟ್ಟಿಗೆ ಇಳಿದವರಲ್ಲ. "ಇದು ಸೇಲಿಂಗ್ ಕ್ಲಬ್ಬು, ಚೌಪಾಟಿ ಅಲ್ಲ. ಈ ಗೆಸ್ಟ್ ಸಂಡೇ ಒಂದು ದಿನ ಬಂದ್ ಮಾಡಿಸ್ತೇನೆ ನೋಡಿ" ಎಂದು ಪ್ರತಿ ತಿಂಗಳೂ ಹೇಳುತ್ತಿದ್ದರು. ಅವರಿಗೆ ನೆಪ ಒದಗಿಸಿದವನೂ ನಾನೇ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ನಿಲ್ಲಿಸುವ ಪಾಠ

ಸೇರುವ ದಿನ ಕಮಾಂಡರ್ ಕೇಳಿದರು, "ಊರು?"

"ಉಡುಪಿ ಕಡೆ ಸರ್."

"ಹಾಗಾದರೆ ನೀರು ಹೊಸದಲ್ಲ."

"ಏನೇನೂ ಹೊಸದಲ್ಲ."

ಈಜು ಬರುತ್ತಿದ್ದದ್ದು ನಿಜ, ಆದರೆ ಕಲಿತದ್ದು ಮನೆಯ ಬಾವಿಯಲ್ಲಿ. ಸಮುದ್ರಕ್ಕೆ ಇಳಿಯುತ್ತಿದ್ದದ್ದು ವರ್ಷಕ್ಕೊಮ್ಮೆ, ಅಮಾವಾಸ್ಯೆಯ ಸ್ನಾನಕ್ಕೆ, ಅದೂ ಅಜ್ಜಿಯ ಕೈ ಹಿಡಿದುಕೊಂಡು. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು ನನ್ನ ಪದ್ಧತಿ.

ನಾಲ್ಕು ಭಾನುವಾರದ ತರಬೇತಿಯಲ್ಲಿ ಮೂರಕ್ಕೆ ಹೋದೆ. ಐದನೆಯ ಭಾನುವಾರ ಒಬ್ಬನೇ ದೋಣಿ ನಡೆಸುವ ದಿನ. ಹೆಂಡತಿ, ಮಗಳು ಜೆಟ್ಟಿಯ ಮೇಲೆ ಬಂದು ನಿಂತಿದ್ದರು. ಹಾಯಿ ತುಂಬಿತು, ದೋಣಿ ಓಡಿತು, ನಾನು ರಾಜನ ಹಾಗೆ ಚುಕ್ಕಾಣಿ ಹಿಡಿದು ಕೂತೆ. ಒಂದು ಸುತ್ತು ಹೊಡೆದು ಜೆಟ್ಟಿಗೆ ಬಂದೆ, ಕೈ ಬೀಸಿದೆ, ದಾಟಿ ಹೋದೆ. ಮತ್ತೊಂದು ಸುತ್ತು, ಮತ್ತೆ ಕೈ ಬೀಸಿದೆ, ಮತ್ತೆ ದಾಟಿ ಹೋದೆ. ಮೂರನೆಯ ಸಲ ಹೆಂಡತಿ ಕೂಗಿದಳು, "ಎಂತ, ಇಳಿಯುವ ಅಂದಾಜು ಇಲ್ವಾ ನಿಮಗೆ?"

"ಇನ್ನೊಂದು ಸುತ್ತು! ಬಹಳ ಚೆನ್ನಾಗುಂಟು!"

ನಾಲ್ಕನೆಯ ಸಲ ನೇರವಾಗಿ ದಂಡೆಯ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡಗಳೊಳಗೆ ಹೋಗಿ ನಿಂತೆ. ಕಮಾಂಡರ್ ಮೋಟರು ಬೋಟಿನಲ್ಲಿ ಬಂದು ನನ್ನನ್ನು ಎಳೆದುಕೊಂಡು ಹೋದರು. "ಯಾಕ್ರೀ ನಿಲ್ಲಿಸಲಿಲ್ಲ?"

"ನಿಲ್ಲಿಸುವ ಪಾಠದ ದಿನ ಕಲ್ಯಾಣದಲ್ಲಿ ಒಂದು ಮದುವೆ ಇತ್ತು ಸರ್."

"ಮದುವೆಯಿಂದ ವಾಪಸ್ ಬಂದ್ರಲ್ಲ? ಹಾಗೇ ಇಲ್ಲೂ ಬರಬೇಕಿತ್ತು."

ಅಷ್ಟರಲ್ಲಿ ಜೆಟ್ಟಿ ತಲುಪಿದ್ದೆವು. ನನ್ನ ಹೆಂಡತಿ ಹೇಳಿದಳು, "ಅಲ್ಲಿಂದಲೂ ನಾನೇ ಎಳ್ಕೊಂಡು ಬಂದದ್ದು ಸರ್."

ಮೂರು ಕರವಸ್ತ್ರ

ನಿಲ್ಲಿಸುವುದನ್ನು ಕಲಿತೆ. ಕಲಿತ ಮೇಲೆ ಡೊಂಬಿವಲಿಗೆ ಫೋನು ಮಾಡಿ ಟ್ರೇನಿನ ಮೂವರು ಗೆಳೆಯರನ್ನೂ ಕರೆದೆ. ಒಬ್ಬರು ಹುಬ್ಬಳ್ಳಿ ಕಡೆಯ ಸೀರೆ ವ್ಯಾಪಾರಿ, ಎಲ್ಲರಿಗೂ ಸಾವ್ಕಾರರು. ಇನ್ನೊಬ್ಬ ಮರಾಠಿ ಮಾತಾಡುವ ಬ್ಯಾಂಕ್ ಕ್ಯಾಷಿಯರ್. ಮೂರನೆಯವನು ವಿಮೆ ಆಫೀಸಿನ ಗುಮಾಸ್ತ, ನಿಂತುಕೊಂಡೇ ನಿದ್ದೆ ಮಾಡಬಲ್ಲವನು. ಹದಿನಾಲ್ಕು ವರ್ಷ ಲೋಕಲಿನ ಒಂದೇ ಡಬ್ಬಿಯಲ್ಲಿ ಇವರ ಬೆವರು ನನಗೆ, ನನ್ನದು ಇವರಿಗೆ.

ಅಂದು ನಮ್ಮ ಪಾಲಿನ ದೋಣಿ ಬೇರೆ ಅತಿಥಿಗಳನ್ನು ಸುತ್ತಾಡಿಸಿ ಜೆಟ್ಟಿಗೆ ಬರುತ್ತಿತ್ತು. ಇನ್ನೂ ಒಂದು ಮಾರು ನೀರು ಬಾಕಿ ಇರುವಾಗಲೇ ಮೂರು ಕರವಸ್ತ್ರಗಳು ಹಾರಿಹೋಗಿ ದೋಣಿಯ ಹಲಗೆಯ ಮೇಲೆ ಬಿದ್ದವು. ದೋಣಿಯಲ್ಲಿದ್ದ ಡಾಕ್ಟರಮ್ಮ ಒಂದನ್ನು ಎತ್ತಿ ಹಿಡಿದು, "ನಿಮ್ಮ ಕರ್ಚೀಫು ಬಿತ್ತು" ಅಂದರು.

ಸಾವ್ಕಾರರು ಗಾಬರಿಯಾದರು. "ಅಲ್ಲೇ ಇಡ್ರಿ ಅಕ್ಕಾವ್ರ! ಅದು ಬಿದ್ದದ್ದಲ್ಲ, ಅದು ನಾನು ಕೂತಂಗ!"

ಹತ್ತಿದ ಮೇಲೆ ಇನ್ನೊಂದು. ಹಗ್ಗದ ಗಂಟು ನೋಡಲೆಂದು ಕಮಾಂಡರ್ ನಡುವಿನ ಹಲಗೆಯ ಮೇಲೆ ಕೂತಿದ್ದರು. ಇಬ್ಬರ ಹಲಗೆ ಅದು. ಪಕ್ಕದಲ್ಲಿ ಗುಮಾಸ್ತ ಕೂತಾಗಿತ್ತು. ಕ್ಯಾಷಿಯರ್ ಬಂದು ಅವರ ತೊಡೆಯನ್ನು ಮೆತ್ತಗೆ ತಟ್ಟಿ, "ಜರಾ ಸರಕಾ" ಅಂದ. ಕಮಾಂಡರ್ ಸರಿದರು.

ಆಮೇಲೆ ಚಹಾದ ಹೊತ್ತಿಗೆ ನನ್ನನ್ನು ಬದಿಗೆ ಕರೆದರು. "ಇಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ಸರೀರಿ ಅಂತ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ."

"ಆದರೆ ಸರಿದಿರಲ್ಲ ಸರ್?"

ಅವರು ಚಹಾದ ಲೋಟ ಕೆಳಗಿಟ್ಟರು. "ಅದೇ ನನಗೂ ಅರ್ಥವಾಗ್ತಾ ಇಲ್ಲ."

ಸಿಗ್ನಲ್ ಸಿಕ್ಕಿಲ್ಲ

ಖಾಡಿಗೆ ಒಂದು ಗುಣವಿದೆ. ಭರತದಲ್ಲಿ ಅದು ಸಮುದ್ರ, ಇಳಿತದಲ್ಲಿ ಅದು ಗದ್ದೆ. ಯಾವಾಗ ಏನಾಗುತ್ತದೆ ಎಂಬುದರ ಪಟ್ಟಿಯನ್ನು ಶೆಡ್ಡಿನ ಗೋಡೆಗೆ ಅಂಟಿಸಿರುತ್ತಾರೆ. ಎರಡನೆಯ ತಿಂಗಳ ಗೆಸ್ಟ್ ಸಂಡೇಯಂದು ನಾನು ಅದನ್ನು ನೋಡಿಯೇ ಆ ಮೂವರೊಂದಿಗೆ ಹೊರಟಿದ್ದೆ. ಅದು ಹೋದ ತಿಂಗಳ ಪಟ್ಟಿ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಇನ್ನೂ ಒಂದು ಗಂಟೆ ನೀರಿದೆ" ಎಂದು ನಾನು ಹೇಳಿ ಮುಗಿಸುವುದಕ್ಕೂ ದೋಣಿಯ ಹೊಟ್ಟೆ ಕೆಸರಿಗೆ ತಾಗುವುದಕ್ಕೂ ಸರಿಹೋಯಿತು. ಹತ್ತು ನಿಮಿಷದಲ್ಲಿ ಸುತ್ತಲೂ ಕೆಸರು. ಗುಲಾಬಿ ಬಣ್ಣದ ಕೊಕ್ಕರೆಗಳು ನಡೆದುಕೊಂಡು ಬಂದು ನಮ್ಮನ್ನು ನೋಡಿಹೋದವು.

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಬೈದು ಸಾಯಿಸುತ್ತಿದ್ದರು. ಸಾವ್ಕಾರರು ಚಪ್ಪಲಿ ಬಿಚ್ಚಿಟ್ಟು ಕಾಲು ಚಾಚಿದರು. "ಸಿಗ್ನಲ್ ಸಿಕ್ಕಿಲ್ಲ, ಇಷ್ಟs. ಆರಾಮ ಕೂಡ್ರಿ." ಕ್ಯಾಷಿಯರ್ ಹಲಗೆಯ ಮೇಲೆ ತಾಳ ಹಾಕಿದ, ಬೆಳಗಿನ ಲೋಕಲ್‌ನ ಭಜನೆ ಶುರುವಾಯಿತು. ಗುಮಾಸ್ತ ಎಚ್ಚರವಾಗಿ ಎರಡನೆಯ ದನಿ ಹಿಡಿದ. ಹಾಯಿಯ ನೆರಳಲ್ಲಿ ಕೂತು ಆ ಮೂವರನ್ನು ನೋಡುವಾಗ ನನಗೆ ಎಷ್ಟು ಸುಖವಾಯಿತೆಂದರೆ, ನೀರು ಬೇಗ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಒಂದು ವಿಷಯ ಹೇಳಬೇಕು. ಇಡೀ ಕ್ಲಬ್ಬಿನ ಚಹಾಕ್ಕೆಂದು ನನ್ನ ಹೆಂಡತಿ ಮಾಡಿಕೊಟ್ಟ ಗೋಳಿಬಜೆಯ ಡಬ್ಬಿ, ಜೆಟ್ಟಿಯ ಮೇಲೆ ಕಾಗೆ ಕಾಟವೆಂದು ನಾನು ದೋಣಿಯಲ್ಲೇ ಇಟ್ಟಿದ್ದೆ.

ಮೂರು ಗಂಟೆ ಕಳೆದ ಮೇಲೆ, ಬಾಯಿಗೆ ಹಿಡಿದ ಭೋಂಗಾದಲ್ಲಿ ಕಮಾಂಡರ್ ಅವರ ದನಿ ದಂಡೆಯಿಂದ ಕೇಳಿಸಿತು. "ಎಲ್ಲರೂ ಸುರಕ್ಷಿತವೇ?"

"ಎಲ್ಲರೂ ಸುರಕ್ಷಿತ ಸರ್!"

"ಗೋಳಿಬಜೆ?"

ನಾವು ಭಜನೆಯನ್ನು ಇನ್ನಷ್ಟು ಜೋರಾಗಿ ಹಾಡಿದೆವು.

ಒಂದು ಸ್ಟೇಷನ್ ಮೊದಲೇ

ಇಲ್ಲಿಯವರೆಗಿನದನ್ನು ಕಮಾಂಡರ್ ಹೇಗೋ ನುಂಗಿಕೊಂಡರು. ನುಂಗಲಾಗದ್ದು ಮುಂದಿನ ತಿಂಗಳು ನಡೆಯಿತು.

ಡೊಂಬಿವಲಿಯಲ್ಲಿ ಇಳಿಯಬೇಕಾದವನು ಅದಕ್ಕೂ ಮುಂಚಿನ ದಿವಾ ಸ್ಟೇಷನ್ ಬರುವ ಮೊದಲೇ ಎದ್ದು, ಚೀಲವನ್ನು ಎದೆಗೆ ಅಪ್ಪಿಕೊಂಡು, ಪ್ಲಾಟ್‌ಫಾರ್ಮ್ ಬರುವ ಬದಿಯ ಬಾಗಿಲಿಗೆ ಸೇರಬೇಕು. ಕೂತೇ ಇದ್ದರೆ ಇಳಿಯುವುದು ಕಲ್ಯಾಣದಲ್ಲಿ. ಇದು ಅವರ ರಕ್ತದಲ್ಲಿರುವ ವಿದ್ಯೆ, ನನ್ನ ರಕ್ತದಲ್ಲೂ ಇದೆ. ಅಂದು ಜೆಟ್ಟಿ ಇನ್ನೂ ದೂರವಿರುವಾಗಲೇ ಮೂವರೂ ಒಟ್ಟಿಗೆ ಎದ್ದರು. ಚೀಲ ಎದೆಗೆ ಬಂತು. ಜೆಟ್ಟಿಯ ಬದಿಗೆ ಸೇರಿಬಿಟ್ಟರು.

"ಕೂತ್ಕೊಳ್ಳಿ!" ಎಂದು ನಾನು ಅರಚಿದೆ.

"ಅರೇ, ಉತರಾಯ್‌ಚಂಯ್!" ಎಂದ ಕ್ಯಾಷಿಯರ್, ಇಳಿಯುವವನನ್ನು ತಡೆಯುವುದುಂಟೇ ಎಂಬ ಸಿಟ್ಟಿನಲ್ಲಿ. ದೋಣಿ ಸಭ್ಯವಾಗಿ ಆ ಬದಿಗೆ ವಾಲಿ ನಾಲ್ವರನ್ನೂ ಇಳಿಸಿತು.

ನೀರು ಸೊಂಟದ ಮಟ್ಟ, ಮೈಮೇಲೆ ಲೈಫ್ ಜಾಕೆಟ್, ಅಪಾಯವೇನೂ ಇರಲಿಲ್ಲ. ಸಾವ್ಕಾರರು ಎದ್ದು ನಿಂತು, ಮುಖ ಒರೆಸಿಕೊಂಡು, ಸುತ್ತ ನೋಡಿ, "ನಾವು ಇಳಿಯೂದು ಇಲ್ಲಲ್ಲ ಅನಸ್ತೈತಿ" ಅಂದರು.

ಜೆಟ್ಟಿಯಲ್ಲಿ ಎಲ್ಲರೂ ನಕ್ಕರು, ಕಮಾಂಡರ್ ನಗಲಿಲ್ಲ. ಅದೇ ಸಂಜೆ ಕಮಿಟಿ ಸೇರಿತು. ನಿರ್ಧಾರವನ್ನು ಅವರೇ ಓದಿದರು: ಮುಂದಿನ ಸೋಶಿಯಲ್ ಸೇಲಿಂಗ್ ಒಂದು ಪರೀಕ್ಷೆ. ಇದೇ ಮೂವರು ಅತಿಥಿಗಳೊಂದಿಗೆ ನಾನು ದೂರದಲ್ಲಿ ಗುರುತಿಗೆ ತೇಲಿಬಿಟ್ಟ ಕೆಂಪು ಬೋಯಾ ಸುತ್ತಿ ಬರಬೇಕು. ಕಮಾಂಡರ್ ದೋಣಿಯಲ್ಲೇ ಕೂತಿರುತ್ತಾರೆ. ಒಬ್ಬನೇ ಒಬ್ಬ ಅತಿಥಿ ನೀರಿಗೆ ಬಿದ್ದರೂ ಗೆಸ್ಟ್ ಸಂಡೇ ಅಂದಿಗೇ ಬಂದ್.

ನಾನು ಸುಲಭಕ್ಕೆ ಕುಗ್ಗುವವನಲ್ಲ. ಅಂದು ಮಾತ್ರ ಮನೆಗೆ ಬಂದು ಸುಮ್ಮನೆ ಕೂತೆ. ಟ್ರೇನು ಬಿಟ್ಟಾಗ ಒಮ್ಮೆ ಕಳಕೊಂಡಿದ್ದೆ ಅವರನ್ನು, ಈಗ ಮತ್ತೊಮ್ಮೆ ಎಂದು ನಿಜಕ್ಕೂ ಸಂಕಟವಾಯಿತು. ಹೆಂಡತಿ ಚಹಾ ತಂದಿಟ್ಟು ಹೇಳಿದಳು, "ಅವರಿಗೆ ದೋಣಿ ಕಲಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ. ಅವರಿಗೆ ಗೊತ್ತಿದ್ದದ್ದನ್ನೇ ಹೇಳಿ."

ಪರೀಕ್ಷೆ

ಆ ಭಾನುವಾರ ಗಾಳಿ ಯಾವತ್ತಿಗಿಂತ ಜೋರಾಗಿತ್ತು. ಕಮಾಂಡರ್ ಹೊಸ ಬಿಳಿ ಪ್ಯಾಂಟು ಹಾಕಿ, ದೋಣಿಯ ಮುಂದಿನ ಹಲಗೆಯ ಮೇಲೆ ಪರೀಕ್ಷಕರ ಗತ್ತಿನಲ್ಲಿ ಕೂತರು. ಜೆಟ್ಟಿಯ ತುಂಬ ಜನ.

ಹಾಯಿದೋಣಿಯ ಲೆಕ್ಕ ಸರಳ. ಗಾಳಿ ದೋಣಿಯನ್ನು ಒಂದು ಬದಿಗೆ ವಾಲಿಸುತ್ತದೆ, ಜನ ಎದುರು ಬದಿಗೆ ಹೋಗಿ ಹೊರಕ್ಕೆ ಜೋತು ಸರಿತೂಗಿಸಬೇಕು. ದಿಕ್ಕು ತಿರುಗಿಸಿದಾಗ ಬದಿಯನ್ನೂ ಬದಲಿಸಬೇಕು. ಹೊಸಬರಿಗೆ ಹೊರಗೆ ಜೋತು ಬೀಳಲು ಜೀವಭಯ. ಮೊದಲ ಗಾಳಿಯ ಹೊಡೆತಕ್ಕೆ ದೋಣಿ ಬಲಕ್ಕೆ ವಾಲಿತು. ಕಮಾಂಡರ್ ನನ್ನನ್ನೇ ನೋಡುತ್ತಿದ್ದರು.

ನಾನು ಎದೆ ತುಂಬ ಉಸಿರೆಳೆದು ಕೂಗಿದೆ, "ಪ್ಲಾಟ್‌ಫಾರ್ಮ್ ಎಡಗಡೆ! ಡಬ್ಬಿ ತುಂಬಿದೆ, ಹೊರಗೇ ಜೋತ್ಕೊಳ್ಳಿ!"

ಮೂವರೂ ಒಂದೇ ಜಿಗಿತಕ್ಕೆ ಎಡಗಡೆ. ಒಂದು ಕೈ ಹಗ್ಗಕ್ಕೆ, ಕಾಲಿನ ತುದಿ ಒಳಗೆ, ಉಳಿದ ಮೈಯೆಲ್ಲ ಹೊರಗೆ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಜೋತು ಮುಂಬಯಿಗೆ ಹೋಗುವವರಿಗೆ ಇದೇನು ಮಹಾ! ಗುಮಾಸ್ತ ಜೋತುಕೊಂಡೇ ಕಣ್ಣು ಮುಚ್ಚಿದ. ದೋಣಿ ನೆಟ್ಟಗಾಗಿ ಬಾಣದಂತೆ ಓಡಿತು.

ಬೋಯಾದ ಹತ್ತಿರ ತಿರುಗಿಸಿದೆ. "ಪ್ಲಾಟ್‌ಫಾರ್ಮ್ ಬಲಗಡೆ!" ಮೂವರೂ ಹಾಯಿಯ ಕೆಳಗೆ ನುಗ್ಗಿ ಬಲಗಡೆ ಜೋತರು.

ಕಮಾಂಡರ್ ಬಾಯಿಬಿಟ್ಟು ನೋಡಿದರು. "ಇದನ್ನ ಕಲಿಸಲಿಕ್ಕೆ ನಮಗೆ ಆರು ತಿಂಗಳು ಬೇಕಿತ್ತು ರೀ!"

"ಇವರಿಗೆ ಹದಿನಾಲ್ಕು ವರ್ಷ ಹಿಡಿಯಿತು ಸರ್."

ಇನ್ನು ಉಳಿದದ್ದು ಜೆಟ್ಟಿ. ಅದು ಕಣ್ಣಿಗೆ ಬಿದ್ದದ್ದೇ ಕ್ಯಾಷಿಯರನ ಕೈ ಚೀಲದ ಕಡೆ ಹೋಯಿತು, ಸಾವ್ಕಾರರು ಏಳಲು ಮೊಣಕಾಲ ಮೇಲೆ ಕೈಯಿಟ್ಟರು. ಇದಕ್ಕೂ ನಾನು ತಯಾರಾಗಿದ್ದೆ. "ಈ ಗಾಡಿ ಫಾಸ್ಟ್! ಇಲ್ಲಿ ನಿಲ್ಲುವುದಿಲ್ಲ!"

ಮೂವರೂ ತಣ್ಣಗೆ ಕೂತರು. ನಿಲ್ಲದ ಸ್ಟೇಷನ್ನಿಗೆ ಯಾರು ಏಳುತ್ತಾರೆ? ಗುಮಾಸ್ತ ಮತ್ತೆ ಕಣ್ಣು ಮುಚ್ಚಿದ.

ಆದರೆ ಕಮಾಂಡರ್ ತಿರುಗಿ ನೋಡಿದರು. ಅವರ ಮುಖದಲ್ಲಿ ನಾನು ಜೆಟ್ಟಿಯನ್ನು ಕೈಬೀಸಿ ದಾಟಿದ ಆ ಹಳೆಯ ಭಾನುವಾರ ಎದ್ದು ಕಾಣುತ್ತಿತ್ತು. "ನಿಲ್ಲಿಸ್ತೀರಲ್ಲ?" ಎಂದು ಮೆಲ್ಲಗೆ ಕೇಳಿದರು. ಹೌದೆಂದರೆ ಈ ಮೂವರು ಏಳುತ್ತಾರೆ. ನಾನು ಬಾಯಿಬಿಡಲಿಲ್ಲ. "ಏನ್ರೀ, ನಿಲ್ಲಿಸ್ತೀರೋ ಇಲ್ವೋ?" ನಾನು ಆಕಾಶ ನೋಡಿದೆ.

ಜೆಟ್ಟಿ ಪಕ್ಕಕ್ಕೆ ಬಂತು. ಕಮಾಂಡರ್ ಎದ್ದು ಒಂದು ಕಾಲನ್ನು ಜೆಟ್ಟಿಯ ಮೇಲಿಟ್ಟರು. ಇನ್ನೊಂದು ಕಾಲು ದೋಣಿಯಲ್ಲಿತ್ತು. ನಾನು ಹಾಯಿ ಸಡಿಲಿಸಿ, ಪಾಠದಲ್ಲಿ ಹೇಳಿಕೊಟ್ಟಂತೆಯೇ, ಒಂದು ಮಾರು ಮುಂದೆ ಹೋಗಿ ದೋಣಿಯನ್ನು ಅಂದವಾಗಿ ನಿಲ್ಲಿಸಿದೆ. ಆ ಒಂದು ಮಾರಿನಲ್ಲೇ ಬಿಳಿ ಪ್ಯಾಂಟು ಎರಡು ದಿಕ್ಕಿಗೆ ಅಗಲವಾಗುತ್ತ ಹೋಗಿ, ಕೊನೆಗೆ ಸಾಹೇಬರ ಸಮೇತ ನೀರಿಗೆ ಇಳಿಯಿತು.

ಕಮಾಂಡರ್ ಸೊಂಟಮಟ್ಟದ ನೀರಿನಲ್ಲಿ ಎದ್ದು ನಿಂತರು. ಗಡ್ಡದ ಮೇಲೆ ಕೆಸರು. ಹಲಗೆಯ ಮೇಲೆ ಸಾಲಾಗಿ ಕೂತ ಮೂವರನ್ನು ನೋಡಿದರು. ಒಂದು, ಎರಡು, ಮೂರು ಎಂದು ಬೆರಳಲ್ಲಿ ಎಣಿಸಿದರು.

"ಅತಿಥಿಗಳು ಯಾರೂ ನೀರಿಗೆ ಬಿದ್ದಿಲ್ಲ" ಎಂದು ಕೊನೆಗೆ ಗಟ್ಟಿಯಾಗಿ ಹೇಳಿದರು. "ನಾನು ಮೆಂಬರ್. ಗೆಸ್ಟ್ ಸಂಡೇ ಪಾಸ್."

ಜೆಟ್ಟಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನಗೆ ಕಣ್ಣಲ್ಲಿ ನೀರು ಬಂತು, ಖಾಡಿಯದ್ದೆಂದು ಎಲ್ಲರೂ ತಿಳಿದಿರಬೇಕು. ಸಾವ್ಕಾರರು ಮಾತ್ರ ಬಗ್ಗಿ, ಕಮಾಂಡರಿಗೆ ಕೈ ಕೊಟ್ಟು ಎತ್ತುತ್ತ, ಹೊಸದಾಗಿ ಊರಿಗೆ ಬಂದವರಿಗೆ ಹೇಳುವಷ್ಟು ಅಕ್ಕರೆಯಿಂದ ಹೇಳಿದರು:

"ಚಾಲೂ ಗಾಡಿಯಿಂದ ಹಂಗ ಇಳಿಯಬಾರದ್ರಿ ಸಾಹೇಬ್ರ. ಇಳಿಯಾಕs ಬೇಕಂದ್ರ, ಗಾಡಿ ಹೊಂಟ ದಿಕ್ಕಿಗೆ ಮಾರಿ ಮಾಡಿ ನಾಕ್ ಹೆಜ್ಜಿ ಓಡಬೇಕ್ರಿ."