ಮೊದಲಿಂದ ಹೇಳ್ರಿ, ಸರ

ನನ್ನ ನಿದ್ದೆ ಕೆಟ್ಟದ್ದು ರಾತ್ರಿಯಲ್ಲ. ಹಾಡುಹಗಲು, ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ಸಿಂದಗಿಯ ಕಾಲೇಜಿನಲ್ಲಿ ಇತಿಹಾಸದ ಪಾಠ ಮುಗಿಸಿ ದೇವರ ಹಿಪ್ಪರಗಿಯ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಡ್ರೈವರ್ ಮಲ್ಲಪ್ಪನ ಬೆನ್ನ ಹಿಂದಿನ ಸೀಟು ನನ್ನ ಬಹುಕಾಲದ ಹಕ್ಕು. ಮುಂದೆ ಕಬ್ಬು ಹೇರಿಕೊಂಡು ಏರು ಹತ್ತುತ್ತಿದ್ದ ಟ್ರ್ಯಾಕ್ಟರಿನ ಕೊಂಡಿ ಕಳಚಿ, ಟ್ರೇಲರ್ ಹಿಮ್ಮುಖವಾಗಿ ನಮ್ಮತ್ತಲೇ ಉರುಳಿ ಬಂತು. ಮಲ್ಲಪ್ಪ ಬಸ್ಸನ್ನು ತೊಗರಿ ಹೊಲಕ್ಕೆ ನುಗ್ಗಿಸಿದ. ಕಬ್ಬಿನ ಗರಿಗಳು ನನ್ನ ಕಿಟಕಿಯನ್ನು ಸವರಿಕೊಂಡು ಹೋದವು. ಯಾರಿಗೂ ಒಂದು ಗೀರೂ ಆಗಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಯಾರಾದರೂ ಗಂಡಾಂತರದಿಂದ ಪಾರಾದರೆ ಮನೆಗೆ ಹೋಗಿ ಮಾತಾಡಿಸಿ ಬರಲೇಬೇಕು. ಇಲ್ಲದಿದ್ದರೆ ಜೀವಮಾನದ ಮುನಿಸು. ಬಂದವರೆಲ್ಲ ಚಹಾದ ಕಪ್ಪು ಹಿಡಿದು, “ಮೊದಲಿಂದ ಹೇಳ್ರಿ, ಸರ” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಚುಟುಕಾಗಿ ಮುಗಿಸಲು ನೋಡಿದರೆ ಅಡುಗೆಮನೆಯಿಂದ ಹೆಂಡತಿ, “ಕೊಂಡಿ ಕಳಚಿದ ಸಪ್ಪಳ ಬಿಟ್ರಲ್ರಿ!” ಎಂದು ನೆನಪಿಸುತ್ತಿದ್ದಳು. ಹಗಲು ಚಹಾದ ಜೊತೆ ಉರುಳಿದ ಟ್ರೇಲರ್ ರಾತ್ರಿ ಹಾಸಿಗೆಯಲ್ಲೂ ಉರುಳುತ್ತಿತ್ತು. ನಾನು ನಿದ್ದೆಯಲ್ಲೇ ಬ್ರೇಕ್ ಒತ್ತುತ್ತಿದ್ದೆ. ಬ್ರೇಕ್ ಇರಬೇಕಾದ ಜಾಗದಲ್ಲಿ ಹೆಂಡತಿಯ ಮೊಣಕಾಲು ಇರುತ್ತಿತ್ತು. ಹೀಗೆ ಇಬ್ಬರ ನಿದ್ದೆಯೂ ಹೋಯಿತು. ಕಾಲೇಜಿಗೆಂದು ಬಸ್ ಸ್ಟ್ಯಾಂಡಿಗೆ ಹೋಗುವುದು, ಬಸ್ಸಿನ ಬಾಗಿಲು ಕಂಡೊಡನೆ ಅಂಗೈ ಬೆವರಿ, ಸಂತೆಗೆ ಬಂದವನಂತೆ ಬದನೆಕಾಯಿ ಕೊಂಡು ಮನೆಗೆ ತಿರುಗುವುದು. ಕಾಲೇಜಿಗೆ ಹಾಕಿದ್ದ ರಜೆ ಮುಗಿಯುತ್ತ ಬಂತು, ಬದನೆಕಾಯಿ ಮುಗಿಯಲಿಲ್ಲ. ನೌಕರಿಯನ್ನೇ ಬಿಡಲೇ ಎಂಬಲ್ಲಿಗೆ ಬಂದಿದ್ದೆ.

ಆಗ ಬಂದವಳು ನಸ್ರೀನ್. ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಖಾಜಾಸಾಬ್ ಕಾಕಾ ಅವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ವಿಜಯಪುರದಲ್ಲಿ ಮನೋವೈದ್ಯೆ. ಅವಳ ಸಂಶೋಧನಾ ಲೇಖನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಜೊತೆಗೆ ಬಂದ ಕಾಕಾ ಕುಳಿತವರೇ, “ಹೂಂ, ಮೊದಲಿಂದ ಹೇಳ್ರಿ, ಸರ” ಎಂದರು.

“ಅಬ್ಬಾ, ಸುಮ್ನ ಇರ್ರಿ” ಎಂದು ಅಪ್ಪನನ್ನು ತಡೆದಳು ನಸ್ರೀನ್. “ಸರ, ನಿದ್ದಿ ಹೆಂಗೈತ್ರಿ?”

“ನನಗೇನೂ ಆಗಿಲ್ಲವ್ವಾ. ನಾ ಬರೇ ನೋಡಿದೆ, ಅಷ್ಟ.”

“ನಾ ಲೇಖನ ಬರದಿರೋದ ಬರೇ ನೋಡಿದವರ ಮ್ಯಾಲ ರೀ.”

ಲೇಖನವನ್ನು ಇಸಿದುಕೊಂಡು ಓದಿದೆ. ಪೆಟ್ಟಾಗದೆ ಪಾರಾದವರು ತಮ್ಮ ಗಾಬರಿಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ ಎಂದು ಬರೆದಿದ್ದಳು. ನನ್ನ ಸಂಕಟ ಜಗತ್ತಿನಲ್ಲಿ ಯಾರಿಗೂ ಬಾರದ್ದೆಂದು ನಂಬಿದ್ದ ನಾನು, ಬದನೆಕಾಯಿಯೊಂದನ್ನು ಬಿಟ್ಟು ಪೂರ್ತಿಯಾಗಿ ಆ ಪುಟಗಳಲ್ಲಿದ್ದೆ. ಮೊದಲು ತುಸು ಅವಮಾನವಾಯಿತು. ಆಮೇಲೆ ಎದೆ ಹಗುರಾಯಿತು. ಅಲ್ಲಿ ನಾನೊಬ್ಬನೇ ಇರಲಿಲ್ಲ.

“ಹೇಳಬೇಕು ಅನಿಸಿದಾಗ, ಅನಿಸಿದವರಿಗೆ ಅಷ್ಟ ಹೇಳ್ರಿ” ಎಂದಳು ನಸ್ರೀನ್. “ಮೊದಲು ನಿಂತ ಬಸ್ಸಿನ್ಯಾಗ ಹತ್ತಿ ಕೂತು ಇಳೀರಿ. ಆಮ್ಯಾಲ ಒಂದು ಸ್ಟಾಪ್. ಅಷ್ಟಾದರೂ ನಿದ್ದಿ ಬರದಿದ್ರ ದವಾಖಾನಿಗೆ ಬರ್ರಿ, ನಾಚಬ್ಯಾಡ್ರಿ.”

“ಹೇಳಂಗಿಲ್ಲ ಅಂದ್ರ ಬಂದ ಮಂದಿ ಸಿಟ್ಟಾಗ್ತಾರವ್ವಾ” ಎಂದಳು ನನ್ನ ಹೆಂಡತಿ.

“ಅವರಿಗೆ ನಾ ಹೇಳ್ತೇನಿ ಬಿಡ್ರಿ” ಎಂದರು ಕಾಕಾ.

ಮರುದಿನದಿಂದ ನಮ್ಮ ಕಟ್ಟೆಯ ಮೇಲೆ ಕಾಕಾ ಕುಳಿತರು. ಝಳಕಿಯಿಂದ ಬಂದ ಬೀಗರಿಗೆ ಅವರು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ಟ್ರೇಲರ್ ಬರೂದ ತಡ, ಸರ ಜಿಗದು ಸ್ಟೇರಿಂಗ್ ಹಿಡದ್ರು ನೋಡ್ರಿ!”

ನಾನು ಹೊರಗೆ ಓಡಿದೆ. “ಕಾಕಾ, ನಾ ಸೀಟಿನ ಕಂಬಿ ಹಿಡಕೊಂಡು ನಡಗಾಕತ್ತಿದ್ದೆ!”

“ನೀವು ಗಾಬರ್ಯಾಗಿದ್ರಿ, ಸರ. ನಿಮಗೇನ ನೆನಪಿರತೈತಿ?”

ಟ್ರೇಲರ್ ಉರುಳಿದ ದಿನದಿಂದ ನಾನು ಮೊದಲು ನಕ್ಕದ್ದು ಆಗಲೇ.

ನಿಂತ ಬಸ್ಸಿನಲ್ಲಿ ಕುಳಿತೆ. ಒಂದು ಸ್ಟಾಪ್ ಹೋಗಿ ಇಳಿದೆ. ಕೊನೆಗೊಂದು ದಿನ ಸಿಂದಗಿಯವರೆಗೆ ಹೊರಟಾಗ ಮಲ್ಲಪ್ಪ ತಿರುಗಿ ನೋಡಿದ. “ನಿಮ್ಮ ಸೀಟು ಹಿಡದ ಇಟ್ಟೇನ್ರಿ, ಸರ. ಸ್ಟೇರಿಂಗ್ ಮಾತ್ರ ನನಗ ಬಿಡ್ರಿ.” ಕಾಕಾ ಅವರ ಕಥೆ ಅವನಿಗೂ ಮುಟ್ಟಿತ್ತು! ಆ ಜಾಗ ಬಂದಾಗ ಕಂಬಿ ಹಿಡಿದೆ. ತೊಗರಿ ಹೊಲ ಹಿಂದೆ ಸರಿಯಿತು.

ಅದು ಗುರುವಾರ. ಆ ರಾತ್ರಿ ಇಬ್ಬರೂ ಎಂಥ ನಿದ್ದೆ ಮಾಡಿದೆವೆಂದರೆ, ಶುಕ್ರವಾರ ಮುಖಕ್ಕೆ ಬಿಸಿಲು ಬಿದ್ದಾಗಲೇ ಎಚ್ಚರ. ಬಸ್ಸು ಹೋಗಿತ್ತು. ಯಾವ ಬಸ್ಸಿಗೆ ಅಂಜಿ ಬದನೆಕಾಯಿ ಕೊಳ್ಳುತ್ತಿದ್ದೆನೋ, ಅದೇ ತಪ್ಪಿತಲ್ಲ ಎಂದು ಮನೆಯೆಲ್ಲ ಕೂಗಾಡಿದೆ. “ನಸ್ರೀನಗ ಫೋನ್ ಹಚ್ಚಿ ಬೈರಿ” ಎಂದಳು ಹೆಂಡತಿ.

ಹಚ್ಚಿದೆ. “ಬಸ್ಸು ತಪ್ಪಿತವ್ವಾ, ನಿನ್ನಿಂದ!” ಎಂದು ಕೂಗಿದೆ. “ಯಾಕ್ರಿ, ಏನಾತ್ರಿ? ಮೊದಲಿಂದ ಹೇಳ್ರಿ, ಸರ” ಎಂದಳು.

ಹೇಳಿದೆ. ಸ್ಟೇರಿಂಗ್ ಹಿಡಿದದ್ದನ್ನೂ ಬಿಡಲಿಲ್ಲ.