ಖಜೂರಿ ಗ್ರಾಮದ ಮಟ್ಟಿಗೆ 'ಮೂರು ಕೂಡಿದರೆ ಗಾಯಬ್' ನಿಯಮ ಸಡಿಲಿಸುವ ಕುರಿತು

ಇಂದ,
ನಾಗರತ್ನಾ ಗಂಡ ಸಿದ್ದರಾಮೇಶ
ಉದ್ಯೋಗ: ಮನೆಗೆಲಸ (ಸದ್ಯ ಒಲೆಯ ಮುಂದೆ)
ಸಾ: ಖಜೂರಿ, ತಾ: ಆಳಂದ, ಜಿ: ಕಲಬುರಗಿ

ಗೆ,
ಮಾನ್ಯ ಮಾಲೀಕರು,
ಮೂರು ಕೂಡಿಸುವ ಕಂಪ್ಯೂಟರ್ ಆಟ,
ಊರು ತಿಳಿದಿಲ್ಲ. ಆಟದ 'ಸಹಾಯ' ಪುಟದಲ್ಲಿಯೂ ನಮೂದಿಸಿಲ್ಲ.

ವಿಷಯ: ಒಂದೇ ತರದ ಮೂರು ಒಂದು ಸಾಲಿನಲ್ಲಿ ಬಂದ ಕೂಡಲೇ ಮಾಯವಾಗುವ ತಮ್ಮ ನಿಯಮದಿಂದ ನನ್ನ ಮಗಳಿಗೆ ವಿನಾಯಿತಿ ಕೋರಿ.

ಉಲ್ಲೇಖ:
1. ತಮ್ಮ ಆಟದ ಸಹಾಯ ಪುಟ.
2. ಅತ್ತೆಯವರಾದ ಗಂಗುಬಾಯಿಯವರ ಮೌಖಿಕ ಆದೇಶ, ಹಲವು ಬಾರಿ.
3. ಮುಖ್ಯಗುರುಗಳ ಫೋನ್ ಕರೆ, ಇಂದು ಬೆಳಿಗ್ಗೆ, ನನ್ನ ಕೈ ಹಿಟ್ಟಾಗಿದ್ದಾಗ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸುವುದೇನೆಂದರೆ, ಇಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬೆಂದ ಮೂರು ರೊಟ್ಟಿಗಳನ್ನು ಆರಲೆಂದು ಒಲೆಯ ಪಕ್ಕ ಸಾಲಾಗಿ ನಿಲ್ಲಿಸಿ ಮುಂದಿನದಕ್ಕೆ ಹಿಟ್ಟು ನಾದುವಷ್ಟರಲ್ಲಿ, ಎರಡನೇ ತರಗತಿಯಲ್ಲಿ ಓದುತ್ತಿರುವ (ಓದುತ್ತಿರಬೇಕಾದ) ನನ್ನ ಮಗಳು ಭಾಗ್ಯವಂತಿ ಓಡಿಬಂದು ನಡುವಿನ ರೊಟ್ಟಿಯ ಅಂಚನ್ನು ಹರಿದಳು. ಹಸಿವು ಕಾರಣವಲ್ಲ. ಹರಿದ ಚೂರನ್ನು ಬಾಯಿಗೆ ಹಾಕದೆ ಕಿಸೆಗೆ ಹಾಕಿಕೊಂಡಳು.

"ಯಾಕ ಹರದಿ ಬೇ?"

"ಮೂರೂ ಒಂದೇ ಥರಾ ಇದ್ದುವಲ್ಲವ್ವಾ."

"ಇದ್ರ ಏನಾತು?"

"ಗಾಯಬ್ ಆಗ್ತಾವ. ಆಮ್ಯಾಲ ಪಪ್ಪಾ ಬುತ್ತಿಗಿ ಏನ್ ಒಯ್ತಾನ?"

ನಾನು ಉತ್ತರ ಕೊಡುವ ಮೊದಲೇ ಫೋನ್ ಬಂತು. ಮುಖ್ಯಗುರುಗಳಾದ ಮಹಾದೇವಪ್ಪನವರು.

"ನಮಸ್ಕಾರ್ರಿ ಬಾಯಿ. ನಿಮ್ಮ ಹುಡುಗಿ ಇವತ್ತರೇ ಬರ್ತಾಳೇನ್ರಿ? ಈ ವಾರದಾಗ ಬರ್ಲಿಲ್ಲಂದ್ರ 'ಸಾಲಿ ಬಿಟ್ಟಾಳ' ಅಂತ ಮ್ಯಾಲಿನವ್ರಿಗಿ ಬರದು ಕಳಸಬೇಕಾಗ್ತದ ನೋಡ್ರಿ."

ಯಜಮಾನರಿಗೆ ಆಳಂದದ ತಹಶೀಲ್ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇದೆ. ಅಲ್ಲಿಗೆ ಬರುವವರ ಅರ್ಜಿಗಳನ್ನು ನಾನು ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮೇಲೆ ಟೈಪು ಮಾಡಿಕೊಡುತ್ತೇನೆ. ಹದ್ದುಬಸ್ತು, ಪಿಂಚಣಿ, ಕಳೆದುಹೋದ ಪಡಿತರ ಚೀಟಿ, ಎಲ್ಲವೂ ಅರ್ಜಿಯಿಂದಲೇ ಬಗೆಹರಿಯುವುದನ್ನು ಕಂಡಿದ್ದೇನೆ. ತಮ್ಮ ಆಟವೂ ಅದೇ ಕಂಪ್ಯೂಟರಿನಲ್ಲಿ ಇದೆ. ಆದ್ದರಿಂದ ಈ ಅರ್ಜಿ.

1. ಆಟದ ವಿವರ. ತಾವೇ ತಯಾರಿಸಿದ್ದೀರಿ, ತಮಗೆ ಗೊತ್ತಿರುತ್ತದೆ. ಆದರೂ ಗೊತ್ತಿರುವುದನ್ನು ಬರೆಯದಿದ್ದರೆ ಕಚೇರಿಗಳಲ್ಲಿ 'ವಿವರ ಅಪೂರ್ಣ' ಎಂದು ಹಿಂತಿರುಗಿಸುತ್ತಾರೆ, ಆ ಕಾರಣ ಬರೆಯುತ್ತಿದ್ದೇನೆ. ಪರದೆಯ ಮೇಲೆ ಚೌಕದ ಮನೆಗಳಿವೆ. ಪ್ರತಿ ಮನೆಯಲ್ಲಿ ಒಂದು ಬಣ್ಣದ ಹರಳು. ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಎರಡನ್ನು ಅದಲುಬದಲು ಮಾಡಬಹುದು, ಓರೆಯಾಗಿ ಬರುವುದಿಲ್ಲ. ಹಾಗೆ ಮಾಡಿದಾಗ ಒಂದೇ ಬಣ್ಣದ ಮೂರು ಸಾಲಾಗಿ ನಿಂತರೆ 'ಟಣ್' ಎಂದು ಮೂರೂ ಮಾಯ. ನಿಲ್ಲದಿದ್ದರೆ ಎರಡೂ ತಮ್ಮ ತಮ್ಮ ಮನೆಗೆ ಮರಳುತ್ತವೆ. ಖಾಲಿಯಾದ ಜಾಗಕ್ಕೆ ಮೇಲಿನವು ಸರಿದು ಇಳಿಯುತ್ತವೆ, ಅವುಗಳ ಮೇಲೆ ಹೊಸವು ಬೀಳುತ್ತವೆ. ಕೆಳಗಿನ ಸಾಲಿನಿಂದ ಆಡುವುದು ಲಾಭ, ಯಾಕೆಂದರೆ ಮೇಲಿನವು ಇಳಿಯುವಾಗ ತಾವಾಗಿಯೇ ಕೂಡಿ ಅಂಕ ಕೊಡುತ್ತವೆ. ನಾಲ್ಕು ಕೂಡಿಸಿದರೆ ಇಡೀ ಸಾಲನ್ನೇ ಹಾರಿಸುವ ಒಂದು ಬಾಂಬು ಸಿಗುತ್ತದೆ. ನಮ್ಮ ಅತ್ತೆಯವರು ಬಾಂಬುಗಳನ್ನು ಕೂಡಿಡುತ್ತಾರೆಯೇ ಹೊರತು ಖರ್ಚು ಮಾಡುವುದಿಲ್ಲ. "ಹೊತ್ತಿಗಿ ಬೇಕಾಗ್ತಾವ ಬೇ" ಎನ್ನುತ್ತಾರೆ. ಆ ಹೊತ್ತು ಇನ್ನೂ ಬಂದಿಲ್ಲ.

2. ಆಟವನ್ನು ನಮಗೆ ಬೇಕಾದಂತೆ ಮಾಡಿಕೊಂಡ ಬಗ್ಗೆ. ಅತ್ತೆಯವರ ಕಣ್ಣಿಗೆ ಪೊರೆ ಬಂದಿರುವುದರಿಂದ ಕೆಂಪು ಹರಳು ಮತ್ತು ಕೇಸರಿ ಹರಳು ಒಂದೇ ತರ ಕಾಣುತ್ತಿದ್ದವು. ಎಷ್ಟು ಕೂಡಿಸಿದರೂ ಮಾಯವಾಗದೆ, "ನಿನ್ನ ಕಂಪೂಟರ್ ಲುಚ್ಚಾ ಅದ" ಎಂದು ಬಯ್ಯುತ್ತಿದ್ದರು. ಆದ ಕಾರಣ ನಾನು ಸೆಟ್ಟಿಂಗ್ ತೆರೆದು ಮೊದಲು ಸಮಯದ ಮಿತಿ ತೆಗೆದೆ. ನಂತರ ಮೊಬೈಲಿನಲ್ಲಿ ಅಡುಗೆಮನೆಯ ಸಾಮಾನುಗಳ ಫೋಟೋ ಹಿಡಿದು, ಚೌಕಾಕಾರಕ್ಕೆ ಕತ್ತರಿಸಿ, ಆಟದ 'ಚಿತ್ರಗಳು' ಎಂಬ ಫೋಲ್ಡರಿನಲ್ಲಿ ಹಾಕಿದೆ. ಹಳೆಯ ಹರಳಿನ ಹೆಸರನ್ನೇ ಹೊಸ ಚಿತ್ರಕ್ಕೂ ಇಡಬೇಕು, ಇಲ್ಲದಿದ್ದರೆ ಆ ಮನೆ ಕಪ್ಪಾಗಿ ಉಳಿಯುತ್ತದೆ ಎಂಬುದನ್ನು ಅನುಭವದಿಂದ ಕಲಿತೆ. ಆಟ ಮುಚ್ಚಿ ತೆರೆದಾಗ ಹರಳುಗಳಿದ್ದಲ್ಲಿ ಬದನೆಕಾಯಿ, ತಂಬಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಮತ್ತು ರೊಟ್ಟಿ ಬಂದವು. ಮೊದಲ ಆಟದಲ್ಲಿಯೇ ಆಕ್ಷೇಪಣೆ ಸಲ್ಲಿಕೆಯಾಯಿತು:

"ಏನ್ ಬೇ ನಾಗರತ್ನಾ, ಬಡದಿಟ್ಟ ರೊಟ್ಟಿ ಗಾಯಬ್ ಮಾಡ್ಸಾಕತ್ತೀಯಲ್ಲ, ಮನ್ಯಾಗ ಬರಕತ್ ಉಳೀತದೇನು?"

ರೊಟ್ಟಿ ತೆಗೆದು ಯಜಮಾನರ ಚಪ್ಪಲಿ ಹಾಕಿದೆ. ಅಂದು ಸಂಜೆ ಯಜಮಾನರ ನಿಜವಾದ ಚಪ್ಪಲಿ ಒಂದು ಕಾಣದಾಯಿತು. ನಮ್ಮ ಓಣಿಯಲ್ಲಿ ನಾಯಿಯೂ ಇದೆ. ಆದರೆ ಮಗಳು ನಾಯಿಯ ಕಡೆ ನೋಡಲಿಲ್ಲ, ಪರದೆಯ ಕಡೆ ನೋಡಿದಳು. ಅದನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

(ಹಾಲು ಉಕ್ಕಿದ್ದರಿಂದ ಇಲ್ಲಿ ಅರ್ಜಿ ಸ್ವಲ್ಪ ಹೊತ್ತು ನಿಂತಿತ್ತು.)

3. ಭಾಷೆಗೆ ಸಂಬಂಧಿಸಿದ ತಾಂತ್ರಿಕ ದೋಷ. ನಮ್ಮ ಕಡೆ ಮಾಯವಾಗುವುದಕ್ಕೆ 'ಗಾಯಬ್' ಎನ್ನುತ್ತೇವೆ. ಶಾಲೆಗೆ 'ಸಾಲಿ' ಎನ್ನುತ್ತೇವೆ. ಆದ ಕಾರಣ ಶಾಲೆಯಲ್ಲಿ ಎನ್ನುವುದು 'ಸಾಲ್ಯಾಗ' ಆಗುತ್ತದೆ. ಸಾಲಿನಲ್ಲಿ ಎನ್ನುವುದು 'ಸಾಲಿನ್ಯಾಗ' ಆಗಬೇಕು. ಆದರೆ ಅತ್ತೆಯವರ ಮುಂದಿನ ಹಲ್ಲುಗಳು ಬಿದ್ದಿರುವ ಕಾರಣ ನಡುವಿನ ಅಕ್ಷರ ಆ ಸಂದಿಯಲ್ಲಿ ಜಾರಿಹೋಗಿ ಅದೂ 'ಸಾಲ್ಯಾಗ' ಎಂದೇ ಹೊರಬೀಳುತ್ತದೆ. ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಮ್ಮ ಆಟ ಕಲಿಸಿದ್ದು ಹೀಗೆ:

"ನೋಡು ಕೂಸ, ಒಂದ ಸಾಲ್ಯಾಗ ಒಂದೇ ಥರದವು ಮೂರು ಕುಂತ್ವಂದ್ರ, ಗಾಯಬ್!"

4. (ಈ ಅಂಶ ಮನಸ್ಸಿನಲ್ಲಿತ್ತು. ನಳ ಬಂದಿದ್ದರಿಂದ ಕೊಡ ತುಂಬಿಸಲು ಹೋಗಿ ಬರುವಷ್ಟರಲ್ಲಿ ಮರೆತಿದೆ.)

5. ನನ್ನ ಮಗಳ ತರಗತಿಯ ಮೊದಲ ಬೆಂಚಿನಲ್ಲಿ ಜಸ್ಮೀನ ಮತ್ತು ಅವಳ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳು ಕೂಡುತ್ತಿದ್ದರು. ಮೂವರಿಗೂ ಅದೇ ನೀಲಿ ಸ್ಕರ್ಟು, ಅದೇ ಎರಡು ಜಡೆ, ಅದೇ ಕೆಂಪು ರಿಬ್ಬನ್. ನನ್ನ ಮಗಳದು ಅವರ ಹಿಂದಿನ ಬೆಂಚು. ಜಸ್ಮೀನಳ ಜಡೆ ಎಳೆಯುವುದು ಅವಳ ದಿನಚರಿ. ದೀಪಾವಳಿ ಸೂಟಿ ಮುಗಿದು ಶಾಲೆ ಶುರುವಾದಾಗ ಮೊದಲ ಬೆಂಚು ಖಾಲಿ. ಆ ಮಕ್ಕಳ ಮನೆಯವರು ಲಾರಿ ಹತ್ತಿ ಮಹಾರಾಷ್ಟ್ರದ ಕಡೆ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋಗಿದ್ದರು. ಮುಖ್ಯಗುರುಗಳು ಹಾಜರಿ ಕರೆಯುತ್ತ, ಯಾವ ದುರುದ್ದೇಶವೂ ಇಲ್ಲದೆ, "ಏ, ಮೂರೂ ಗಾಯಬ್! ಹಿಂದಿನವ್ರು ಮುಂದ ಸರದು ಕೂಡ್ರಿ" ಎಂದರಂತೆ. ಅಂದಿನಿಂದ ನನ್ನ ಮಗಳು ಶಾಲೆಗೆ ಹೋಗುತ್ತಿಲ್ಲ.

ಯಾಕೆಂದು ಕೇಳಿದರೆ ಏನೋ ಕೇಳಬೇಕೆಂದು ಹತ್ತಿರ ಬರುತ್ತಾಳೆ, ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಹೋಗುತ್ತಾಳೆ. ಇಂದು ರೊಟ್ಟಿಯ ಅಂಚು ಹರಿದಾಗ ನನಗೆ ಎಲ್ಲವೂ ಹೊಳೆಯಿತು. ಒಂದೇ ಸಮವಸ್ತ್ರದಲ್ಲಿ ಸಾಲಾಗಿ ಕುಳಿತರೆ ತಾನೂ ಮಾಯವಾಗುವೆನೆಂದು ಮಗು ಹೆದರಿದೆ. ತಮ್ಮ ನಿಯಮದ ಪ್ರಕಾರ ಅವಳ ಲೆಕ್ಕದಲ್ಲಿ ತಪ್ಪಿಲ್ಲ.

6. ಆದ್ದರಿಂದ ನನ್ನ ಹಂತದಲ್ಲಿ ಕೈಗೊಂಡ ಕ್ರಮಗಳು:

ಮೊದಲನೆಯದಾಗಿ, ಸೆಟ್ಟಿಂಗಿನಲ್ಲಿ ಕೂಡಿಸಬೇಕಾದ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸಿದೆ. ಮಗಳನ್ನು ಕರೆದು ತೋರಿಸಿದೆ. "ಇನ್ನ ಮೂರು ಕುಂತ್ರ ಏನೂ ಆಗಂಗಿಲ್ಲ ನೋಡವ್ವಾ." ಅವಳು ಬೆರಳು ಮಡಿಚಿ ಎಣಿಸಿ, "ಪ್ರಾರ್ಥನಾಕ್ಕ ಇಡೀ ಸಾಲಿನೇ ನಿಂದರ್ತದಲ್ಲ" ಎಂದಳು. ತಮ್ಮ ಆಟದಲ್ಲಿ ಐದಕ್ಕಿಂತ ಮೇಲೆ ಹೋಗಲು ಅವಕಾಶವಿಲ್ಲ.

ಎರಡನೆಯದಾಗಿ, ರೊಟ್ಟಿಗೆ ಹರಿದ ಅಂಚು ಇದ್ದಂತೆ ಅವಳಿಗೂ ಒಂದು ಗುರುತು ಇರಲಿ ಎಂದು, ಇಂದು ಒಂದು ಜಡೆಗೆ ಹಸಿರು ರಿಬ್ಬನ್, ಇನ್ನೊಂದಕ್ಕೆ ಹಳದಿ ಕಟ್ಟಿ, ಗಲ್ಲಕ್ಕೆ ಕಾಡಿಗೆಯ ದೊಡ್ಡ ಬೊಟ್ಟಿಟ್ಟು, ನಾನೇ ಶಾಲೆಯ ಗೇಟಿನವರೆಗೆ ಬಿಟ್ಟೆ. ಸಂತೋಷದಿಂದ ನಡೆದುಹೋದಳು. ತರಗತಿಯ ಕಿಟಕಿಯಿಂದ ಒಳಗೆ ಒಮ್ಮೆ ಇಣುಕಿ ತಿರುಗಿ ಬಂದಳು. ಮುಖ್ಯಗುರುಗಳು ಹೊರಗೆ ಬಂದು, "ಏನ್ರಿ ಬಾಯಿ, ಹುಡುಗಿಗಿ ಯಾವ ನಾಟಕದ ಸೋಗು ಹಾಕೀರಿ?" ಎಂದರು. "ನಿಮಗ ತಿಳಿಯಂಗಿಲ್ಲ ಬಿಡ್ರಿ ಸರ್, ಇದು ಆಟದ ನಿಯಮ" ಎಂದೆ. ಅವರು ನನ್ನ ಗಲ್ಲವನ್ನೂ ನೋಡಿದರು, ಅಲ್ಲಿಯೂ ಬೊಟ್ಟು ಇದೆಯೇ ಎಂದು.

ಮೂರನೆಯದಾಗಿ, ಜಸ್ಮೀನ ಸುಖವಾಗಿದ್ದಾಳೆಂದು ಫೋನಿನಲ್ಲಿ ಕೇಳಿಸಲು ಯತ್ನಿಸಿದೆ. ಅವರ ನಂಬರು ಬಂದ್ ಇದೆ. ಪಕ್ಕದ ಮನೆಯ ಬೀಬಿಜಾನ ಅವರನ್ನು ವಿಚಾರಿಸಿದಾಗ, "ಯಾವ ಭಟ್ಟಿ ಅಂತ ಹ್ಯಾಂಗ ಹೇಳ್ಲಿ ನಾಗರತ್ನಾ? ಗಡಿ ದಾಟಿದ್ರ ಎಲ್ಲಾ ಭಟ್ಟಿ ಒಂದೇ ಥರಾ ಕಾಣ್ತಾವ" ಎಂದರು. ಈ ಮಾತು ಮಗಳ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೇನೆ.

ನಾಲ್ಕನೆಯದು ಹೇಳಲು ಮುಜುಗರ. ಸ್ವಾತಂತ್ರ್ಯ ದಿನದ ಫೋಟೋದಿಂದ ಜಸ್ಮೀನಳ ಮುಖವನ್ನು ಕತ್ತರಿಸಿ ಚಪ್ಪಲಿಯ ಜಾಗದಲ್ಲಿ ಹಾಕಿ, ಸಂಖ್ಯೆಯನ್ನು ಮತ್ತೆ ಮೂರಕ್ಕೆ ತಂದೆ. ಹೋದವಳು ಮೇಲಿನಿಂದ ಮತ್ತೆ ಮತ್ತೆ ಬೀಳುವುದನ್ನು ಕಂಡರೆ ಧೈರ್ಯ ಬರಬಹುದೆಂಬ ಆಲೋಚನೆ. ಮಗಳು ಕುಳಿತು ಆಡಿದಳು. ಬದನೆಕಾಯಿ ಕೂಡಿಸಿದಳು, ತಂಬಿಗೆ ಕೂಡಿಸಿದಳು, ಜಸ್ಮೀನಳನ್ನು ಮಾತ್ರ ಒಬ್ಬಳಿಂದ ಒಬ್ಬಳನ್ನು ದೂರ ದೂರ ಸರಿಸಿ ಕಾಯ್ದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅಷ್ಟು ಜಾಣತನದಿಂದ ಈ ಆಟ ಆಡಿದವರನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಅತ್ತೆಯವರು ಬಂದು, "ಸರಿ ಅತ್ಲಾಗ, ಎದುರಿಗಿದ್ರೂ ಕಾಣವಲ್ದು ನಿನಗ" ಎಂದು ಒಂದೇ ಒತ್ತಿಗೆ ಮೂವರು ಜಸ್ಮೀನರನ್ನು ಕೂಡಿಸಿ "ಗಾಯಬ್!" ಎಂದರು. ಮಗಳು ಚೀರಿದ್ದಕ್ಕೆ ಓಣಿಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಅವರಿಗೆಲ್ಲ ಚಹಾ ಮಾಡಿಕೊಟ್ಟೆ, ಕಪ್ಪುಗಳನ್ನು ಮೂರರ ಸಾಲಾಗದಂತೆ ಇಟ್ಟು.

7. ಕಾರಣ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಕೂಡಿಸಬೇಕಾದ ಸಂಖ್ಯೆಯನ್ನು ನಮ್ಮೂರ ಶಾಲೆಯ ಒಟ್ಟು ಮಕ್ಕಳಿಗಿಂತ ಒಂದು ಹೆಚ್ಚಿಗೆ ನಿಗದಿಪಡಿಸಬೇಕು. ಮಕ್ಕಳು ಹೆಚ್ಚಾದಂತೆ ಪರಿಷ್ಕರಿಸುತ್ತಿರಬೇಕು.

(ಆ) ಅದು ಆಗದಿದ್ದಲ್ಲಿ, ಮೂರು ಕೂಡಿದಾಗ ಮಾಯವಾಗುವ ಬದಲು ಸ್ವಲ್ಪ ಹೊತ್ತು ಬದಿಗೆ ನಿಂತು ನೀರು ಕುಡಿದು ಬರುವಂತೆ ಮಾಡಬೇಕು.

(ಇ) ಅದೂ ಆಗದಿದ್ದಲ್ಲಿ, ಮಾಯವಾದವರು ಎಲ್ಲಿದ್ದಾರೆಂಬುದಕ್ಕೆ ತಮ್ಮ ಸಹಿಯುಳ್ಳ ಒಂದು ಹಿಂಬರಹ ಕೊಡಬೇಕು. ಅದನ್ನು ಮಗಳಿಗೆ ಓದಿ ಹೇಳುತ್ತೇನೆ.

(ಈ) ಯಾವುದೂ ಆಗದಿದ್ದಲ್ಲಿ, ಅತ್ತೆಯವರಿಗೆ ಮುಂದಿನ ಹಂತವನ್ನಾದರೂ ತೆರೆದುಕೊಡಬೇಕು. ಬಾಂಬು ಖರ್ಚು ಮಾಡದೆ ಅವರು ಅಲ್ಲಿಯೇ ನಿಂತಿದ್ದಾರೆ, ಕಂಪ್ಯೂಟರ್ ಬಿಡುತ್ತಿಲ್ಲ, ಪಿಂಚಣಿ ಅರ್ಜಿಗಳು ಬಾಕಿ ಉಳಿದಿವೆ.

ತಮ್ಮ ಆಟದ ಮೇಲೆ ಇನ್ನೂ ಅಷ್ಟಿಷ್ಟು ವಿಶ್ವಾಸ ಉಳಿಸಿಕೊಂಡಿರುವ,
ನಾಗರತ್ನಾ ಗಂಡ ಸಿದ್ದರಾಮೇಶ
ಸ್ಥಳ: ಖಜೂರಿ, ಕಂಪ್ಯೂಟರಿನ ಮುಂದೆ (ಅತ್ತೆಯವರು ಊಟಕ್ಕೆ ಎದ್ದಿರುವ ಅವಧಿಯಲ್ಲಿ)

ಅಡಕಗಳು:
1. ಅಂಚು ಹರಿದ ರೊಟ್ಟಿಯ ಫೋಟೋ. ಮೂಲ ಪ್ರತಿಯನ್ನು ಯಜಮಾನರು ಬುತ್ತಿಗೆ ಒಯ್ದಿದ್ದಾರೆ.
2. ಹಸಿರು ಮತ್ತು ಹಳದಿ ರಿಬ್ಬನ್, ತಲಾ ಒಂದು ಗೇಣು.
3. ಯಜಮಾನರ ಉಳಿದಿರುವ ಚಪ್ಪಲಿ. (ಅಂಚೆಯವರು ಒಪ್ಪಿದರೆ.)

ವಿಶೇಷ ಸೂಚನೆ: ಸಹಿ ಮಾಡುವಷ್ಟರಲ್ಲಿ ಮಗಳು ಬಂದು ಕುರ್ಚಿಯ ಹತ್ತಿರ ನಿಂತಳು. ನನ್ನ ಸೆರಗನ್ನು ಬೆರಳಿಗೆ ಸುತ್ತಿದಳು. "ಸಾಲ್ಯಾಗ ಗಾಯಬ್ ಆಗ್ತೀನಂತ ಅಂಜಿಕಿ ಬರ್ತದೇನು ಕೂಸ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. "ಮತ್ತ?" ಎಂದೆ. ಈ ಸಲ ಸೆರಗು ಬಿಚ್ಚಿ ಹೋಗಲಿಲ್ಲ. ಅವಳು ಕೇಳಿದ್ದನ್ನು ಅರ್ಜಿಯಲ್ಲಿ ಸೇರಿಸಲು ನನಗೆ ಯಾವ ಕಲಮು ತೋಚದ ಕಾರಣ, ಕೇಳಿದ ಹಾಗೆಯೇ ಬರೆದಿದ್ದೇನೆ:

"ಅವ್ವಾ, ನಾ ಜಸ್ಮೀನಂದು ಜಾಗಾಕ್ಕ ಸರದು ಕುಂತ್ರ, ಆಕಿ ತಿರುಗಿ ಬಂದಾಗ ಎಲ್ಲಿ ಕೂಡ್ತಾಳ?"