ಟ್ರೇಲರಿನ ಮೂತಿಭಾರ ಮತ್ತು ಕಾಣೆಯಾದ ಇಪ್ಪತ್ತೆರಡು ಪೌಂಡು

ಕ್ರೇನ್ ಬೆಂಡ್ ಟ್ರೇಲರ್ ತಂಗುದಾಣ ನಿವಾಸಿಗಳ ಸಂಘ, ನೆಬ್ರಾಸ್ಕ
ಹಿಚ್ ಮೇಲುಸ್ತುವಾರಿ ಉಪಸಮಿತಿ

ಸಂಖ್ಯೆ: ಕ್ರೇಬೆಂ/ಹಿಮೇಉ/ನಿವೇಶನ-14/ಮೂತಿ/ತಿದ್ದುಪಡಿ-9
ದಿನಾಂಕ: ಜೂನ್ 17, ಸೋಮವಾರ

ಸುತ್ತೋಲೆ

ವಿಷಯ: ಭಾರ ಹಂಚುವ ಹಿಚ್ಚನ್ನು ಆರಿಸುವಾಗ ಮತ್ತು ಜೋಡಿಸುವಾಗ ನೆರೆಹೊರೆಯವರು ನೀಡುವ ಸಲಹೆಗಳಿಗೆ ಮಿತಿ ವಿಧಿಸುವ ಬಗ್ಗೆ.

ಉಲ್ಲೇಖ:
1) ನಿವೇಶನ 14ರ ನಿವಾಸಿ ಶ್ರೀಮತಿ ವರ್ಲೀನ್ ಕುಸೆರಾ ಅವರ ಮೌಖಿಕ ದೂರು, ಜೂನ್ 13 (ಜೋರು ದನಿಯಲ್ಲಿ).
2) ಇದೇ ಉಪಸಮಿತಿಯ ಹಿಂದಿನ ಸುತ್ತೋಲೆಗಳು, ತಿದ್ದುಪಡಿ 1ರಿಂದ 8 (ಎಲ್ಲವೂ ತಪ್ಪು).
3) ಕಾರ್ಯದರ್ಶಿಯವರ ಪತ್ನಿ ಶ್ರೀಮತಿ ಆರ್ಡಿಸ್ ಹುಕ್‌ಫೆಲ್ಟ್ ಅವರ ಹೇಳಿಕೆ, ಅದೇ ದಿನ (ಇನ್ನೂ ಜೋರು ದನಿಯಲ್ಲಿ).

ಪ್ರಸ್ತಾವನೆ:

ಟ್ರೇಲರು ಎಂಬ ಗಾಲಿಮನೆಯ ಮೂತಿ ಅದನ್ನೆಳೆಯುವ ಪಿಕಪ್ಪಿನ ಹಿಂಭಾಗವನ್ನು ಅದುಮಿದಾಗ ಪಿಕಪ್ಪಿನ ಮುಂಭಾಗ ಮೇಲೇಳುತ್ತದೆ, ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ, ಗಾಳಿ ಬೀಸಿದರೆ ಟ್ರೇಲರು ಹಾದಿಯುದ್ದಕ್ಕೂ ಬಾಲ ಅಲ್ಲಾಡಿಸುತ್ತದೆ. ಇವೆರಡನ್ನೂ ಜೋಡಿಸುವ, ಭಾರ ಹಂಚುವ ಹಿಚ್ಚಿನ ಎರಡು ಸ್ಪ್ರಿಂಗ್ ಸಲಾಕೆಗಳು ಈ ಭಾರವನ್ನು ಮತ್ತೆ ಮುಂದಕ್ಕೆ ತಳ್ಳುತ್ತವೆ. ವಿಷಯ ಇಷ್ಟೇ. ಇದಕ್ಕೆ ಒಂಬತ್ತು ದಿನ ಹಿಡಿದದ್ದು ಹೇಗೆಂಬುದನ್ನು ಸಾರ್ವಜನಿಕರ ಅವಗಾಹನೆಗೆ ತರಲಾಗುತ್ತಿದೆ.

ಶ್ರೀಮತಿ ಕುಸೆರಾ ಅವರು ಹಳೆಯ ಚಿಕ್ಕ ಟ್ರೇಲರು ಮಾರಿ, ಈ ಬೇಸಿಗೆಯಲ್ಲಿ ಇಪ್ಪತ್ತಾರು ಅಡಿಯದನ್ನು ಕೊಂಡಿರುತ್ತಾರೆ. ಜೂನ್ 15ರ ಶನಿವಾರ ಹನ್ನೊಂದು ಗಂಟೆಗೆ ಮುನ್ನೂರು ಮೈಲಿ ದೂರದ ಚಾಡ್ರನ್‌ನಲ್ಲಿ ಅವರ ತಂಗಿ, ಎಪ್ಪತ್ತು ದಾಟಿದ ಡೆಲೋರಿಸ್ ಅವರ ಮೂರನೇ ಮದುವೆ ನಿಗದಿಯಾಗಿತ್ತು. ತಂಗಿಯದು ಒಂದೇ ಕೋಣೆಯ ಮನೆ; ನೆಂಟರು ಮಲಗುವುದಕ್ಕೂ ಮದುಮಗಳು ಸಿಂಗರಿಸಿಕೊಳ್ಳುವುದಕ್ಕೂ ಈ ಟ್ರೇಲರೇ ಗತಿ. ತಂಗಿಯವರು ಫೋನಿನಲ್ಲಿ, “ಅಕ್ಕಾ, ನೀನು ಬರದೇ ಇದ್ದ ಎರಡು ಮದುವೇನೂ ಮುರಿದುಬಿತ್ತು. ಈ ಸಲ ನೀನು ಪಕ್ಕದಲ್ಲಿ ನಿಂತ್ಕೊಳ್ದೇ ಇದ್ರೆ ನಾನು ‘ಹ್ಞೂಂ’ ಅನ್ನೋದೇ ಇಲ್ಲ, ನೋಡ್ಕೋ!” ಎಂದು ತಿಳಿಸಿರುವುದು ಕಡತದಲ್ಲಿದೆ. ಈ ಕರೆಯನ್ನು ಉಪಸಮಿತಿಯ ಹನ್ನೊಂದೂ ಸದಸ್ಯರು ಕೇಳಿಸಿಕೊಂಡಿದ್ದು, ಎಲ್ಲರಿಗೂ ಕರುಳು ಚುರುಕ್ ಎಂದ ಕಾರಣ ತಕ್ಷಣವೇ ಸಹಾಯಕ್ಕೆ ಧಾವಿಸಲಾಯಿತು. ತೊಂದರೆ ಆರಂಭವಾದದ್ದೇ ಅಲ್ಲಿಂದ.

ಆದ ಕಾರಣ ಈ ಕೆಳಕಂಡ ನಿಯಮಗಳನ್ನು ತತ್‌ಕ್ಷಣದಿಂದ ಜಾರಿಗೊಳಿಸಿ ಆದೇಶಿಸಲಾಗಿದೆ:

1. ಯಾವುದೇ ನಿವಾಸಿಯು ಹಿಚ್ ಜೋಡಿಸುವಾಗ ಮಡಿಸುವ ಕುರ್ಚಿಯೊಂದಿಗೆ ಬಂದವರನ್ನು ಪ್ರೇಕ್ಷಕರೆಂದೂ, ಕಾಫಿ ಲೋಟದೊಂದಿಗೆ ಬಂದವರನ್ನು ಸಲಹೆಗಾರರೆಂದೂ, ಎರಡನ್ನೂ ತಂದವರನ್ನು ಉಪಸಮಿತಿಯ ಸದಸ್ಯರೆಂದೂ ಪರಿಗಣಿಸತಕ್ಕದ್ದು. ಏನನ್ನೂ ತಾರದೆ ಬಂದು, ಶ್ರೀಮತಿ ಕುಸೆರಾ ಅವರ ತಟ್ಟೆಯಿಂದ ಗಸಗಸೆ ತುಂಬಿದ ಕೊಲಾಚೆ ಬನ್ನು ಎತ್ತಿಕೊಂಡವರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದಿಡಲಾಗಿದೆ.

2. ಟ್ರೇಲರು ಸಿಕ್ಕಿಸುವ ಮೊದಲು ಪಿಕಪ್ಪಿನ ಮುಂದಿನ ಮಡ್‌ಗಾರ್ಡ್ ನೆಲದಿಂದ ಎಷ್ಟು ಎತ್ತರವಿದೆ ಎಂದು ಟೇಪು ಹಿಡಿದು ಬರೆದುಕೊಳ್ಳತಕ್ಕದ್ದು. ಸಿಕ್ಕಿಸಿದ ಮೇಲೆ ಅದು ಏರುತ್ತದೆ. ಸಲಾಕೆಗಳನ್ನು ಬಿಗಿದಾಗ ಮೊದಲಿದ್ದ ಎತ್ತರದ ಹತ್ತಿರಕ್ಕೆ ಇಳಿಯಬೇಕು. ಹೀಗೆ ಅಳೆಯುವ ಹೊತ್ತಿನಲ್ಲಿ ಪಿಕಪ್ಪಿನ ಹಿಂಬಾಗಿಲ ಮೇಲೆ ಯಾರೂ ಕೂರತಕ್ಕದ್ದಲ್ಲ. ಜೂನ್ 6ರಂದು ಐವರು ಸದಸ್ಯರು ಅಲ್ಲಿ ಸಾಲಾಗಿ ಕುಳಿತು, “ಯಾಕೋ ಪಿಕಪ್ಪಿನ ಮೂತಿ ಮೇಲೇ ಇದೆಯಲ್ಲ, ಮಾರಾಯಾ” ಎಂದು ಒಂದೂವರೆ ತಾಸು ಚರ್ಚಿಸಿರುವುದು ವಿಷಾದನೀಯ.

3. ಸಲಾಕೆಯ ಸರಪಳಿಯಲ್ಲಿ ಎಷ್ಟನೇ ಕೊಂಡಿಯನ್ನು ಸಿಕ್ಕಿಸಬೇಕು ಎಂಬ ಬಗ್ಗೆ ಕಾರ್ಯದರ್ಶಿ ಶ್ರೀ ಡೆಲ್ಮರ್ ಹುಕ್‌ಫೆಲ್ಟ್ ಅವರು ನಾಲ್ಕೆಂದೂ, ಖಜಾಂಚಿ ಶ್ರೀ ರೋಲ್ಯಾಂಡ್ ವೆಸೆಲಿ ಅವರು ಐದೆಂದೂ ಪಟ್ಟು ಹಿಡಿದರು. ವಿಷಯವನ್ನು ಮತಕ್ಕೆ ಹಾಕಿ, ಸೌಹಾರ್ದದ ದೃಷ್ಟಿಯಿಂದ ನಾಲ್ಕೂವರೆ ಎಂದು ಅಂಗೀಕರಿಸಲಾಯಿತು. ಸರಪಳಿಯಲ್ಲಿ ಅರ್ಧ ಕೊಂಡಿ ಎಂಬುದು ಇರುವುದಿಲ್ಲ ಎಂಬ ಅಂಶ ಜೂನ್ 9ರಂದು ಬೆಳಕಿಗೆ ಬಂದಿದೆ. ಇನ್ನು ಮುಂದೆ ಕೊಂಡಿಗಳ ಸಂಖ್ಯೆಯನ್ನು ಟೇಪು ತೀರ್ಮಾನಿಸತಕ್ಕದ್ದು. ಟೇಪಿಗೆ ಮತದಾನದ ಹಕ್ಕು ನೀಡಲಾಗಿದೆ.

4. ನೆಲ ಸಮತಟ್ಟಾಗಿದೆಯೇ ಎಂದು ಮಲಗಿ ನೋಡುವ ಪದ್ಧತಿಯನ್ನು ನಿಷೇಧಿಸಲಾಗಿದೆ. ಹಾಗೆ ನೋಡಲು ಮಲಗಿದ ಶ್ರೀ ವೆಸೆಲಿ ಅವರು ಊಟದ ಹೊತ್ತಿಗೆ ಎದ್ದಿರುತ್ತಾರೆ.

5. ಹಿಚ್ ಆಯ್ಕೆ: ಟ್ರೇಲರಿನ ಮೂತಿ ಎಷ್ಟು ಭಾರವೋ ಅದನ್ನು ಹೊರಬಲ್ಲ ಸಲಾಕೆಗಳನ್ನೇ ಕೊಳ್ಳತಕ್ಕದ್ದು. ಮೂತಿಭಾರವು ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟಿರುತ್ತದೆ. ಕರಾರುವಾಕ್ಕಾಗಿ ತಿಳಿಯಲೆಂದು ಕಾರ್ಯದರ್ಶಿಯವರು ತಮ್ಮ ಬಚ್ಚಲುಮನೆಯ ತೂಕದ ಯಂತ್ರವನ್ನು ತಾವೇ ಹೊತ್ತು ತಂದು, ಹಲಗೆಯ ಒಂದು ತುದಿಯನ್ನು ಅದರ ಮೇಲೂ ಇನ್ನೊಂದನ್ನು ಇಟ್ಟಿಗೆಯ ಮೇಲೂ ಇಟ್ಟು, ಭಾರದ ಮೂರನೇ ಒಂದು ಪಾಲು ಮಾತ್ರ ಯಂತ್ರಕ್ಕೆ ಬೀಳುವಂತೆ ಮೂತಿಯನ್ನು ಇಟ್ಟಿಗೆಯ ಹತ್ತಿರ ಹಲಗೆಯ ಮೇಲಿಳಿಸಿ, ಯಂತ್ರ ತೋರಿದ್ದನ್ನು ಮೂರರಿಂದ ಗುಣಿಸುವ ವಿಧಾನ ಕೈಗೊಂಡರು. ವಿಧಾನ ಸರಿಯಾದುದೇ. ಯಂತ್ರವು 248 ತೋರಿತು, ಗುಣಿಸಲಾಗಿ 744. ಅಂಗಡಿಯಲ್ಲಿ 750 ಪೌಂಡ್ ಹೊರುವ ಸಲಾಕೆಗಳಿದ್ದವು. “ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ವರ್ಲೀನಮ್ಮಾ! ಕಣ್ಣುಮುಚ್ಚಿ ತಗೊಳ್ಳಿ” ಎಂದು ಕಾರ್ಯದರ್ಶಿಯವರು ಹೇಳಿದ್ದು, ಆಕೆ ಅವರನ್ನು ನಂಬಿದ್ದು, ಎರಡೂ ದಾಖಲೆಯಲ್ಲಿವೆ.

6. ತದನಂತರ ಎಷ್ಟನೇ ಕೊಂಡಿ ಹಾಕಿದರೂ ಮಡ್‌ಗಾರ್ಡ್ ಕೆಳಗಿಳಿಯಲಿಲ್ಲ. ಉಪಸಮಿತಿಯು ಇದಕ್ಕೆ ಕ್ರಮವಾಗಿ ಟೈರಿನ ಗಾಳಿ, ಹೊರಗಿನ ಗಾಳಿ, ಪಿಕಪ್ಪಿನ ಬಣ್ಣ ಹಾಗೂ ಶ್ರೀಮತಿ ಕುಸೆರಾ ಅವರು ಹೆಂಗಸಾಗಿರುವುದು ಕಾರಣವೆಂದು ನಾಲ್ಕು ತಿದ್ದುಪಡಿ ಹೊರಡಿಸಿತು. ನಾಲ್ಕನೆಯ ಕಾರಣವನ್ನು ಈ ಮೂಲಕ ಹಿಂಪಡೆಯಲಾಗಿದೆ. ಅದನ್ನು ಸೂಚಿಸಿದವರು ಮೂರು ದಿನದಿಂದ ಮನೆಯಿಂದ ಹೊರಬಂದಿಲ್ಲ.

7. ಜೂನ್ 13ರಂದು, ಮದುವೆಗೆ ಎರಡೇ ದಿನ ಉಳಿದಿರಲು, ಕಾರ್ಯದರ್ಶಿಯವರು ಟ್ರೇಲರನ್ನು ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗುವಂತೆ ಶ್ರೀಮತಿ ಕುಸೆರಾ ಅವರಿಗೆ ಸಲಹೆ ನೀಡಿದರು. ಆಗ ಉಲ್ಲೇಖ 1ರ ದೂರು ಸ್ವೀಕೃತವಾಯಿತು: “ಬಸ್ಸಾ? ರೀ ಡೆಲ್ಮರ್, ಮೂವತ್ತೊಂದು ವರ್ಷ ನಲವತ್ತಡಿ ಶಾಲಾ ಬಸ್ಸು ಓಡಿಸಿದ್ದೀನಿ ನಾನು, ಹಿಮದಲ್ಲಿ! ಒಳಗೆ ಅರವತ್ತು ಮಕ್ಕಳು ಕಿರುಚ್ತಿದ್ರು. ಅವ್ರಲ್ಲಿ ಒಂದಾದ್ರೂ ‘ಹೊರಗೆ ಹೋಗ್ರೋ’ ಅಂದ್ರೆ ಹೋಗ್ತಿತ್ತು. ನೀವು ಹನ್ನೊಂದು ಜನ ಆ ಮಕ್ಕಳಿಗಿಂತ ಕಡೆಯಾದ್ರಲ್ಲ!” ಈ ಹಿಂದಿನ ವೃತ್ತಿಯ ವಿವರ ಉಪಸಮಿತಿಯ ಬಳಿ ಇರಲಿಲ್ಲ, ಏಕೆಂದರೆ ಆಕೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕಾರ್ಯದರ್ಶಿಯವರಿಗೆ ನಾಚಿಕೆಯಾಯಿತು. ಇದನ್ನು ನಡಾವಳಿಯಲ್ಲಿ ನಮೂದಿಸಬಾರದೆಂದು ಅವರು ಕೋರಿದ್ದು, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

8. ಶ್ರೀಮತಿ ಕುಸೆರಾ ಅವರು ಅಂದೇ ಎರಡು ಮೈಲಿ ಆಚೆಯ ಧಾನ್ಯ ಸಹಕಾರ ಸಂಘದ ಲಾರಿ ತೂಗುವ ವೇಬ್ರಿಡ್ಜಿಗೆ ಟ್ರೇಲರನ್ನು ನಿಧಾನವಾಗಿ ಒಯ್ದು, ಮೂತಿಗೆ ಆಧಾರವಾದ ಜಾಕನ್ನು ಮಾತ್ರ ಅದರ ಮೇಲಿಳಿಸಿ ತೂಗಿಸಿದರು. 810 ಪೌಂಡ್. ಚೀಟಿ ಹಿಡಿದು ಹಿಂದಿರುಗಿ, 744ನ್ನು ಕಳೆದು, ಉಳಿದ 66ನ್ನು ಮೂರರಿಂದ ಭಾಗಿಸಿ, “ಡೆಲ್ಮರ್, ನಿಮ್ಮ ಯಂತ್ರ ಇಪ್ಪತ್ತೆರಡು ಪೌಂಡು ನುಂಗಿದೆ” ಎಂದರು. ಆಗ ಶ್ರೀಮತಿ ಆರ್ಡಿಸ್ ಅವರು ಕೈಲಿದ್ದ ಸೌಟಿನ ಸಮೇತ ಹೊರಬಂದು ನೀಡಿದ ಹೇಳಿಕೆ: “ಇಪ್ಪತ್ತೆರಡಾ? ಏನ್ರೀ, ಜನವರಿಯಿಂದ ಇಪ್ಪತ್ತೆರಡು ಪೌಂಡ್ ಇಳಿದಿದ್ದೀನಿ ಅಂತ ಊರೆಲ್ಲಾ ಸಾರ್ಕೊಂಡು ಬಂದ್ರಲ್ಲಾ! ಪ್ಯಾಂಟು ಮಾತ್ರ ಹತ್ತಲ್ಲ, ಒಗೆದು ಒಗೆದು ಬಟ್ಟೆ ಕುಗ್ಗಿದೆ ಅಂತ ನನ್ನನ್ನ ಬೈದ್ರಿ!”

9. ಯಂತ್ರದ ಮುಳ್ಳನ್ನು ಸೊನ್ನೆಗೆ ಹೊಂದಿಸುವ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ ಅಪರಿಚಿತ ವ್ಯಕ್ತಿಯ ಪತ್ತೆಗೆ ವಿಚಾರಣೆ ಆದೇಶಿಸಲಾಗಿದೆ. ಸದರಿ ಅಪರಿಚಿತರು ಕಾರ್ಯದರ್ಶಿಯವರ ಬಚ್ಚಲುಮನೆಯಲ್ಲಿ, ಕಾರ್ಯದರ್ಶಿಯವರ ಟವೆಲು ಉಟ್ಟು, ವಾರಕ್ಕೊಮ್ಮೆ ಈ ಕೃತ್ಯ ನಡೆಸಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ. ವಿಚಾರಣಾಧಿಕಾರಿಯಾಗಿ ಕಾರ್ಯದರ್ಶಿಯವರನ್ನೇ ನೇಮಿಸಲಾಗಿತ್ತು. ಅವರು ಕನ್ನಡಿಯ ಮುಂದೆ ಐದು ನಿಮಿಷ ನಿಂತು ಆರೋಪಿಯನ್ನು ಗುರುತಿಸಿ, ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ವರದಿ ಸಲ್ಲಿಸಿದ್ದಾರೆ.

10. ಶ್ರೀಮತಿ ಕುಸೆರಾ ಅವರು ಅದೇ ಸಂಜೆ ಸಲಾಕೆಗಳನ್ನು ಬದಲಿಸಿ, ಸಾವಿರ ಪೌಂಡ್ ಹೊರುವವನ್ನು ತಂದರು. ಸಹಕಾರ ಸಂಘದ ಸಮತಟ್ಟಾದ ಅಂಗಳದಲ್ಲಿ, ಒಂದು ಟೇಪು, ಒಂದು ಸ್ಪ್ಯಾನರು ಹಾಗೂ ಹಿಚ್ಚಿನ ಜೊತೆಗೇ ಬಂದಿದ್ದು ಯಾರೂ ಓದದ ಪುಸ್ತಿಕೆಯ ನೆರವಿನಿಂದ ನಲವತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಮಡ್‌ಗಾರ್ಡ್ ತಾನು ಇರಬೇಕಾದಲ್ಲಿಗೆ ಇಳಿಯಿತು. ಶುಕ್ರವಾರ ಬೆಳಿಗ್ಗೆ ಉಪಸಮಿತಿಯು ಅವರಿಗೆ ಹೊರಡಲು ಅನುಮತಿ ನೀಡುವ ಕುರಿತು ತುರ್ತು ಸಭೆ ಸೇರಿ, ಬಿಸಿ ಚರ್ಚೆಯ ನಂತರ ಅನುಮತಿ ಮಂಜೂರು ಮಾಡಿ ಕಿಟಕಿಯಿಂದ ನೋಡಲಾಗಿ, ನಿವೇಶನ 14 ಖಾಲಿಯಾಗಿತ್ತು. ಅಲ್ಲಿ ಕೊಲಾಚೆಯೂ ಇರಲಿಲ್ಲ. ಸದಸ್ಯರಿಗೆಲ್ಲ ಹೇಳಲಾಗದಷ್ಟು ಬೇಸರವಾಯಿತು.

11. ಶನಿವಾರ ಮಧ್ಯಾಹ್ನದವರೆಗೆ ಕಾರ್ಯದರ್ಶಿಯವರು ಊಟ ಮಾಡಲಿಲ್ಲ. ಇದು ತೂಕಕ್ಕಾಗಿ ಅಲ್ಲವೆಂದು ಶ್ರೀಮತಿ ಆರ್ಡಿಸ್ ಅವರೇ ದೃಢೀಕರಿಸಿದ್ದಾರೆ. ಎರಡು ಗಂಟೆಗೆ ಶ್ರೀಮತಿ ಕುಸೆರಾ ಅವರಿಂದ ಬಂದ ಸಂದೇಶವನ್ನು ಯಥಾವತ್ತಾಗಿ ಇಲ್ಲಿ ಲಗತ್ತಿಸಲಾಗಿದೆ: “ಹತ್ತೂವರೆಗೇ ಚರ್ಚಲ್ಲಿ ನಿಂತಿದ್ದೆ. ಡೆಲೋರಿಸ್ ನನ್ನ ಕೈ ಹಿಡ್ಕೊಂಡೇ ‘ಹ್ಞೂಂ’ ಅಂದ್ಲು. ದಾರೀಲಿ ಗಾಳಿ ಬಡೀತು, ದನದ ಲಾರಿಗಳು ಪಕ್ಕದಲ್ಲೇ ರೊಯ್ಯಂತ ಹೋದ್ವು. ಟ್ರೇಲರು ಒಂದಿಷ್ಟೂ ಅಲ್ಲಾಡ್ಲಿಲ್ಲ ಕಣ್ರೀ. ಮದುಮಗ ಮಾತ್ರ ಗಡಗಡ ನಡುಗ್ತಿದ್ದ.”

12. ಮೇಲಿನ ಸಂದೇಶವನ್ನು ಸಭೆಯಲ್ಲಿ ಮೂರು ಬಾರಿ ಓದಿ ಅಂಗೀಕರಿಸಲಾಗಿದೆ.

ಸಹಿ/-
ಡೆಲ್ಮರ್ ಹುಕ್‌ಫೆಲ್ಟ್
ಕಾರ್ಯದರ್ಶಿ
(ತೂಕ: ಪರಿಷ್ಕರಣೆಗೆ ಒಳಪಟ್ಟಿದೆ)

ಪ್ರತಿಗಳು:
1) ಎಲ್ಲಾ ನಿವೇಶನಗಳ ನಿವಾಸಿಗಳಿಗೆ, ಪಾಲನೆಗಾಗಿ, ಸಲಹೆಗಾಗಿ ಅಲ್ಲ.
2) ಶ್ರೀ ರೋಲ್ಯಾಂಡ್ ವೆಸೆಲಿ, ಖಜಾಂಚಿ, ಎಚ್ಚರವಿರುವಾಗ ಓದಿಕೊಳ್ಳಲು.
3) ಕಾರ್ಯದರ್ಶಿಯವರ ವೈದ್ಯರಿಗೆ, ಇಪ್ಪತ್ತೆರಡು ಕೂಡಿಸಿಕೊಳ್ಳುವ ಕೋರಿಕೆಯೊಂದಿಗೆ (ಶ್ರೀಮತಿ ಆರ್ಡಿಸ್ ಅವರ ಮುಖಾಂತರ).
4) ಚಾಡ್ರನ್‌ನ ನವದಂಪತಿಗೆ, ಶುಭಾಶಯಗಳೊಂದಿಗೆ.
5) ಶ್ರೀಮತಿ ವರ್ಲೀನ್ ಕುಸೆರಾ ಅವರಿಗೆ, ಕ್ಷಮೆಯೊಂದಿಗೆ. (ಈ ಪದವನ್ನು ಉಪಸಮಿತಿಯು ಇದೇ ಮೊದಲ ಬಾರಿಗೆ ಬಳಸುತ್ತಿದ್ದು, ಹನ್ನೊಂದೂ ಸದಸ್ಯರು ಅವಿರೋಧವಾಗಿ ಒಪ್ಪಿದ್ದಾರೆ.)